ಕೊನೆಯ ಸಾಲಿನ ಕೈ

"ಇನ್ನೊಮ್ಮಿ ಮರವಡಿ ಅಂದ್ರ ಈ ಪಕ್ಕಡ ನಿನ್ನ ಹಲ್ಲಿಗೇ ಹಚ್ತೀನಿ ನೋಡು."

"ಅಲ್ಲೋ, ಚ್ಯಾಷ್ಟಿಗಿ ಅಂದ್ನೆಪಾ."

"ಒಂಬತ್ತು ವರ್ಷದ ಚ್ಯಾಷ್ಟಿ. ಗಿರಾಕಿ ಮುಂದ ಚ್ಯಾಷ್ಟಿ, ಬೀಗರ ಮುಂದ ಚ್ಯಾಷ್ಟಿ. ನಾಳಿ ನನ್ನ ಹೆಣದ ಮುಂದನೂ ಮಾಡಾವನ ನೀ."

ಅಕ್ಕಲಕೋಟ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, 'ಬೀರೋಬಾ ಸೌಂಡ್ ಸರ್ವಿಸ್' ಎಂಬ ಬೋರ್ಡಿನ ಕೆಳಗೆ, ಭಾನುವಾರ ಬೆಳಿಗ್ಗೆ ಒಂಬತ್ತಕ್ಕೇ ಈ ಜಗಳ ಹತ್ತಿತ್ತು. ವೈರು ಕತ್ತರಿಸುವ ಪಕ್ಕಡ ಹಿಡಿದವನು ಶಂಕರೆಪ್ಪ. ಹಲ್ಲು ಉಳಿಸಿಕೊಳ್ಳಬೇಕಾದವನು ಮಾಲಕ ಮಲಕಾಜಪ್ಪ. ಇಬ್ಬರೂ ಮೈಂದರ್ಗಿಯವರು, ಒಂದೇ ಓಣಿಯವರು. ಇಪ್ಪತ್ತೆರಡು ವರ್ಷದಿಂದ ಜೋಡಿಯಾಗಿ ಊರೂರು ತಿರುಗಿ ಮೈಕು ಹಚ್ಚಿದವರು.

ಜಗಳದ ಕಾರಣ ಬೆಂಕಿಕಡ್ಡಿಯಷ್ಟು. ಕೂಸಿನ ಹೆಸರಿಡುವ ಕಾರ್ಯಕ್ಕೆ ಮೈಕು ಒಯ್ದಿದ್ದ ಒಬ್ಬ ಗಿರಾಕಿ ಅದನ್ನು ತಿರುಗಿ ತಂದು, "ನಡುವ ನಡುವ ಕಟ್ ಆಗ್ತಿತ್ತು" ಎಂದ. ಮಲಕಾಜಪ್ಪ ಹಲ್ಲು ಕಿಸಿದು, "ನಮ್ಮ ಶಂಕರೆಪ್ಪನ ಬೆಸುಗಿ. ಮರವಡಿ ಆಗಿರಬೇಕ್ರಿ" ಎಂದ. ಗಿರಾಕಿಯೂ ನಕ್ಕು ಹೋದ. ಅಷ್ಟೇ. ಆದರೆ ಆ ಒಂದು ಮಾತಿನ ಕೆಳಗೆ ಒಬ್ಬ ಮುದುಕ ಹೂತು ಮಲಗಿದ್ದಾನೆ ಎಂಬುದು ಗಿರಾಕಿಗೆ ಗೊತ್ತಿರಲಿಲ್ಲ.

ಆ ಮುದುಕ ಶಂಕರೆಪ್ಪನ ಅಪ್ಪ ರಾಚಪ್ಪ. ಒಂಬತ್ತು ವರ್ಷದ ಹಿಂದೆ ಮರವಡೆ ಎಂಬ ಊರಿನಲ್ಲಿ ಬೀರೋಬನ ಗುಡಿಯ ಮುಂದೆ ಡೊಳ್ಳಿನ ಪದಗಳ ಸವಾಲು ನಡೆದಿತ್ತು, ಮೈಕು ಇವರದೇ. ಒಂದು ಮೇಳ ಪದ ಹಾಡಿ ಪ್ರಶ್ನೆ ಕೇಳಬೇಕು, ಎದುರಿನ ಮೇಳ ಪದದಲ್ಲೇ ಉತ್ತರ ಕೊಡಬೇಕು. ಮೈಂದರ್ಗಿ ಮೇಳದ ಮುಂದಾಳು ರಾಚಪ್ಪ. ಎಪ್ಪತ್ತು ದಾಟಿತ್ತು, ಇದೇ ಕೊನೆಯ ಸವಾಲು ಎಂದು ಹೇಳಿಯೇ ಬಂದಿದ್ದ. ಕೊನೆಯ ಉತ್ತರದ ಪದಕ್ಕೆ ಬಾಯಿ ತೆಗೆದ, ಮೈಕು ಸತ್ತಿತು. ಮುದುಕ ನಿಲ್ಲಲಿಲ್ಲ, ಹಾಗೇ ಹಾಡಿದ. ಮುಂದೆ ಕುಳಿತ ಐವತ್ತು ಮಂದಿಗೆ ಕೇಳಿತು. ಹಿಂದಿದ್ದ ಎರಡು ಸಾವಿರ ಮಂದಿ ಅವನ ಬಾಯಿ ಆಡುವುದನ್ನು ನೋಡಿದರು. ಪಂಚರು ಎದುರಿನ ಮೇಳಕ್ಕೆ ಗೆಲುವು ಕೊಟ್ಟರು.

ಮಲಕಾಜಪ್ಪ ಅಲ್ಲೇ ಒಂದು ವೈರು ಎತ್ತಿ ಹಿಡಿದು, "ಶಂಕರೆಪ್ಪನ ಬೆಸುಗಿ ಬಿಟ್ಟದ" ಎಂದು ಎಲ್ಲರಿಗೂ ತೋರಿಸಿದ. ರಾಚಪ್ಪನೂ ನೋಡಿದ. ಅಂದಿನಿಂದ ಡೊಳ್ಳು ಮುಟ್ಟಲಿಲ್ಲ, ಮಗನ ಕೂಡ ಮಾತಾಡಲಿಲ್ಲ. ನೀರು ಬೇಕಾದರೆ ಸೊಸೆಗೆ ಹೇಳುತ್ತಿದ್ದ, ಸೊಸೆ ಗಂಡನಿಗೆ ಹೇಳುತ್ತಿದ್ದಳು. ಎರಡು ವರ್ಷದ ಮೇಲೆ ಸತ್ತ. ಸಾಯುವಾಗಲೂ ಮುಖ ಗೋಡೆಯ ಕಡೆಗಿತ್ತು.

ಇಂಥದ್ದರ ಮೇಲೆ ಚೇಷ್ಟೆ ಮಾಡುವವನಿಗೆ ಪಕ್ಕಡ ಬೀಸಿದರೂ ತಪ್ಪಿಲ್ಲ. ಶಂಕರೆಪ್ಪ ಬೀಸಲಿಲ್ಲ. ಪಕ್ಕಡವನ್ನು ಟೇಬಲಿನ ಮೇಲೆ ಒಗೆದು ಹೇಳಿದ:

"ಕೇಳು ಮಲಕಾಜಪ್ಪ. ಇವತ್ತಿನ ಕಾರ್ಯಕ್ರಮಕ್ಕ ಬರ್ತೀನಿ, ಮಾತು ಕೊಟ್ಟೀವಿ. ಆದರ ವೈರಿಗಿ ಕೈ ಹಚ್ಚಂಗಿಲ್ಲ. ನೀನೇ ಜೋಡಿಸ್ಕೊ. ನಾ ಕಡೀ ಸಾಲಿನ್ಯಾಗ ನಿಂತು ಕೈ ಎತ್ತತೀನಿ, ಅಷ್ಟ. ನಾಳಿಂದ ಸೊಲ್ಲಾಪುರದ ಡೀಜೆದವರ ಕೂಡ ಹೋಗ್ತೀನಿ. ಇರಬೇಕಂದ್ರ ಒಂದು ಕೆಲಸ ಮಾಡು. ಮರವಡ್ಯಾಗ ಕೆಟ್ಟಿದ್ದು ನನ್ನ ಬೆಸುಗಿ ಅಲ್ಲ, ಏನೋ ಕರೆಂಟಿನ ಘಾತ ಅಂತ ನಾಕು ಮಂದಿ ಮುಂದ ಹೇಳು."

ಇಪ್ಪತ್ತೆರಡು ವರ್ಷ 'ಅಣ್ಣಾ' ಎಂದವನು ಬರಿ ಹೆಸರು ಹಿಡಿದ. ಅದು ಮಲಕಾಜಪ್ಪನ ಎದೆಗೆ ಪಕ್ಕಡಕ್ಕಿಂತ ಜೋರಾಗಿ ಬಿತ್ತು. ಶಂಕರೆಪ್ಪ ಹೋದರೆ ಅಂಗಡಿಯಲ್ಲಿ ಉಳಿಯುವುದು ಬೋರ್ಡು ಮತ್ತು ಮಲಕಾಜಪ್ಪ. ಬೋರ್ಡಿಗಾದರೂ ಒಂದು ಕೆಲಸ ಗೊತ್ತಿತ್ತು. ಮಲಕಾಜಪ್ಪನಿಗೆ ಯಾವ ವೈರು ಎಲ್ಲಿಗೆ ಹೋಗುತ್ತದೆ ಎಂಬುದೂ ತಿಳಿಯದು. ಹೀಗಿದ್ದೂ ಬಾಯಿ ತೆರೆದು "ಆಯ್ತಪಾ, ಹೇಳ್ತೀನಿ" ಎನ್ನಲು ಆಗಲಿಲ್ಲ.

"ನೋಡೂಣಂತ, ಮೊದಲ ಟೆಂಪೊ ತುಂಬು" ಎಂದ.

ಟೆಂಪೊ ಸೊಲ್ಲಾಪುರದ ದಾರಿ ಹಿಡಿಯಿತು. ವಳಸಂಗದಲ್ಲಿ ಮಲಕಾಜಪ್ಪ ಇಳಿದು ಬಿಸಿ ಭಜಿ ಕಟ್ಟಿಸಿಕೊಂಡು ಬಂದು ನಡುವೆ ಇಟ್ಟ. ಶಂಕರೆಪ್ಪ ಅದನ್ನು ಮುಟ್ಟಲಿಲ್ಲ. ಭಜಿ ತಣ್ಣಗಾಗಿ ಸತ್ತ ಕಪ್ಪೆಗಳ ಹಾಗೆ ಕಾಗದಕ್ಕೆ ಅಂಟಿಕೊಂಡಿತು.

ಕಾರ್ಯಕ್ರಮ ನವಿ ಪೇಠದ ಬಟ್ಟೆ ವ್ಯಾಪಾರಿ ನಿತಿನ ಶೇಟರದು. ಅವರ ಮಗಳು ಮಯೂರಿ ಪುಣೆಯಲ್ಲಿ ಚೆಲ್ಲೊ ಎಂಬ ವಾದ್ಯ ಕಲಿತಿದ್ದಳು. ಅದು ಆಳೆತ್ತರದ ಪಿಟೀಲು. ಭುಜಕ್ಕೆ ಇಟ್ಟುಕೊಳ್ಳಲು ಬರುವುದಿಲ್ಲ, ಮೊಳಕಾಲ ನಡುವೆ ಹಿಡಿದು ಕೂರಬೇಕು. ಎರಡು ವೈಲಿನ್, ಅದಕ್ಕಿಂತ ತುಸು ದೊಡ್ಡದಾದ ಒಂದು ವಿಯೋಲಾ, ಇವಳ ಚೆಲ್ಲೊ, ಹೀಗೆ ನಾಲ್ಕು ತಂತಿವಾದ್ಯಗಳ ಮೇಳ. ಸುಮಾರು ನೂರಹದಿನೈದು ವರ್ಷದ ಹಿಂದೆ ಯುರೋಪಿನಲ್ಲಿ ಯಾರೋ ಒಬ್ಬ ತನ್ನ ಅಣ್ಣ ಸತ್ತ ಮೇಲೆ ಈ ನಾಲ್ಕು ವಾದ್ಯಕ್ಕೆಂದು ಬರೆದ ಸಂಗೀತವನ್ನು ಇವರು ನುಡಿಸುವವರಿದ್ದರು.

ಮಲಕಾಜಪ್ಪ ನಾಲ್ಕು ಮಂದಿಗೆ ನಾಲ್ಕು ಮೈಕು ನೆಡಲು ಹೋದ. ಮಯೂರಿ ಅಡ್ಡ ಬಂದಳು.

"ಕಾಕಾ, ಮೈಕ್ ನಕೋ."

"ಮೈಕ್ ಇಲ್ದ ಹಿಂದಿನವರಿಗಿ ಹ್ಯಾಂಗ ಕೇಳಸ್ತದವ್ವಾ?"

"ಸುಮ್ನ ಕುಂತ್ರ ಕೇಳಸ್ತದ, ಕಾಕಾ. ಇದು ಊರ ಮಂದೀಗಿ ಕೂಗಿ ಹೇಳೂ ಸಂಗೀತ ಅಲ್ಲ. ನಾಕು ಮಂದಿ ತಮ್ಮ ತಮ್ಮಾಗ ಮಾತಾಡೂದು. ಮೂರನೇ ಭಾಗದಾಗ ತಂತಿಗೋಳ ಕೆಳಗ ರಬ್ಬರಿನ ಚೂರು ಸಿಗಸ್ತೀವಿ, ದನಿ ಇನ್ನೂ ಸಣ್ಣ ಆಗ್ತದ. ಕಡೀಗಂತೂ ಏನೂ ಬಾರಸಂಗಿಲ್ಲ."

"ಏನೂ ಅಂದ್ರ?"

"ಬಾರಸೂ ಕಡ್ಡಿ ಎತ್ತಿ ಹಿಡ್ಕೊಂಡು ಸುಮ್ನ ಕೂಡ್ತೀವಿ. ಆ ಶಾಂತತಾ ಸೈತ ಬರದಾನ ಅಂವ."

"ಬಾರಸೂದ ಇಲ್ಲಂದ ಮ್ಯಾಲ ಬರದಾನ್ಯಾಕವ್ವಾ?" ಎಂದ ಮಲಕಾಜಪ್ಪ. ಅದು ಚೇಷ್ಟೆಯಲ್ಲ. ದನಿ ಎಂದರೆ ಕೊನೆಯ ಸಾಲಿಗೆ ಮುಟ್ಟಬೇಕು ಎಂಬುದೊಂದೇ ಅವನ ಜೀವನದ ವಿದ್ಯೆ. ಅವರ ಪದ್ಧತಿಯೂ ಅದೇ. ಶಂಕರೆಪ್ಪ ಕೊನೆಯ ಸಾಲಿನ ಹಿಂದೆ ನಿಲ್ಲುವುದು. ಕೈ ಕಿವಿಗೆ ಹೋದರೆ ಕೇಳುತ್ತಿಲ್ಲ, ಬಲಗೈ ಮೇಲೆ ಎತ್ತಿದರೆ ಮುಟ್ಟಿತು. ಮುಟ್ಟದೆ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಆ ಕೈ ಎದ್ದದ್ದಿಲ್ಲ. ಸುಳ್ಳಿಗೆ ಎತ್ತುವ ಕೈ ಅದಲ್ಲ.

ಶೇಟರು ಬಂದು ತೀರ್ಪು ಕೊಟ್ಟರು. ತಮ್ಮ ಸ್ವಾಗತದ ಮಾತಿಗೆ ಅಂಗಿಗೆ ಸಿಗಿಸುವ ವೈರಿಲ್ಲದ ಒಂದು ಕಾಲರ್ ಮೈಕು ಸಾಕು, ಸ್ಟೇಜಿನ ಮೇಲೆ ಬಾಕ್ಸುಗಳು ಬೇಡ, ಚಂದ ಕಾಣುವುದಿಲ್ಲ. ಮಲಕಾಜಪ್ಪ ಎರಡು ಬಾಕ್ಸುಗಳನ್ನು ಹಿಂದಿನ ಗೋಡೆಗೆ, ಕೊನೆಯ ಸಾಲಿನ ಬೆನ್ನಿಗೆ ಒರಗಿಸಿದ. ಸ್ಟೇಜಿನ ಬದಿಯ ಪರದೆಯ ಮೂಲೆಯಲ್ಲಿ ಕೂರುವ ತನಗೆ ಅವುಗಳ ದನಿ ಕೇಳದು, ಶಂಕರೆಪ್ಪನ ಕೈಯೇ ಗತಿ. ಆಮೇಲೆ ಯಾರೂ ಇಲ್ಲದಾಗ ಒಂದು ಸಣ್ಣ ಮೈಕನ್ನು ಚೆಲ್ಲೊ ಕುರ್ಚಿಯ ಬದಿಯ ಹೂಕುಂಡದಲ್ಲಿ ಸೇವಂತಿಗೆಯ ನಡುವೆ ಹುಗಿದಿಟ್ಟ. ಕೇಳದಿದ್ದರೆ ಇರಲಿ ಎಂದು.

ವೈರು ಜೋಡಿಸಿದವನೂ ಅವನೇ. ದಿನಾ ಶಂಕರೆಪ್ಪ ದನಿ ಏರಿಳಿಸುವ ಮಿಕ್ಸರಿನ ಒಂದೊಂದು ಗುಂಡಿಯ ಕೆಳಗೂ ಬಿಳಿ ಪಟ್ಟಿ ಅಂಟಿಸಿ ಯಾವುದು ಯಾವ ಮೈಕಿನದು ಎಂದು ಬರೆಯುತ್ತಿದ್ದ. ಇವತ್ತು ಪಟ್ಟಿ ಇಲ್ಲ. ಮೂರು ಕಾಲರಿನದು, ನಾಲ್ಕು ಹೂಕುಂಡದ್ದು ಎಂದು ಮಲಕಾಜಪ್ಪ ಮನಸ್ಸಿನಲ್ಲೇ ಬರೆದುಕೊಂಡ.

ಸಂಜೆ ಐದಕ್ಕೆ ಸಭಾಗೃಹದಲ್ಲಿ ಇನ್ನೂರು ಮಂದಿ ಕೂಡಿದರು. ಹೆಚ್ಚಿನವರು ನವಿ ಪೇಠದ ವ್ಯಾಪಾರಸ್ಥರು. ಶೇಟರಿಗೆ ಮುಖ ತೋರಿಸಲು ಬಂದವರು. ಶೇಟರು ಎದ್ದು ನಿಂತಾಗ ಮಲಕಾಜಪ್ಪ ತನ್ನ ರೂಢಿಯಂತೆ ಎಲ್ಲಾ ಗುಂಡಿಗಳನ್ನೂ ಒಟ್ಟಿಗೆ ಎತ್ತಿದ. ಯಾವುದೋ ಒಂದು ಕೆಲಸ ಮಾಡೇ ಮಾಡುತ್ತದೆ. ಶೇಟರು ಮುಂದೆ ಮಾತಾಡಿದರೆ ದನಿ ಜನರ ಬೆನ್ನ ಹಿಂದಿನಿಂದ ಬಂತು. ಜನ ಹಿಂದೆ ತಿರುಗಿದರು, ಅಲ್ಲಿ ಶಂಕರೆಪ್ಪ ಒಬ್ಬನೇ ಮುಖ ಗಂಟುಹಾಕಿಕೊಂಡು ಕೈ ಎತ್ತಿ ನಿಂತಿದ್ದ. ನಮಸ್ಕಾರ ಮಾಡಬೇಕೋ ಬೇಡವೋ ತಿಳಿಯದೆ ಕೆಲವರು ಮಾಡಿಬಿಟ್ಟರು.

ಮಾತು ಮುಗಿಸಿ ಶೇಟರು ಮೈಕು ಬಿಚ್ಚಿ, ಪರದೆಯ ಪಕ್ಕದಲ್ಲಿ ಕುಳಿತಿದ್ದ ಮಲಕಾಜಪ್ಪನ ಕೈಗಿಟ್ಟು, "ಬಂದ್ ಮಾಡಪಾ" ಎಂದರು. ಅವನು ಎಲ್ಲಾ ಗುಂಡಿಗಳನ್ನೂ ಕೆಳಗಿಳಿಸಿದ. ಮೈಕನ್ನೂ ಆರಿಸುತ್ತಿದ್ದನೇನೋ, ಅಷ್ಟರಲ್ಲಿ ಸಭಾಗೃಹದ ವಾಚಮನ್ ಸಿದ್ದಣ್ಣ ಚಹಾ ತಂದ. ಮಲಕಾಜಪ್ಪ ಮೈಕನ್ನು ಅಂಗಿಯ ಜೇಬಿಗೆ ಸಿಗಿಸಿ ಚಹಾ ಹಿಡಿದುಕೊಂಡ. ಜೇಬಿನ ಅಂಚಿನಲ್ಲಿ ಹಸಿರು ದೀಪ ಮಿಣಮಿಣ ಅನ್ನುತ್ತಿತ್ತು.

ಸಿದ್ದಣ್ಣ ಅರವತ್ತರವನು. ಬಾಗಿಲು ಕಾಯುವುದಕ್ಕಿಂತ ಮಂದಿಯ ಮಾತು ಕಾಯುವುದರಲ್ಲಿ ಹುಷಾರು. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತ.

"ನಿನ್ನ ಮೊಬೈಲ್ ಕುಂಯ್ ಕುಂಯ್ ಅನ್ನಾಕತ್ತದ ನೋಡು. ಚಾರ್ಜ್ ಇಲ್ಲೇನು? ಇಲ್ಲೇ ಬೋರ್ಡ್ ಅದ, ಹಚ್ಚು."

"ಬ್ಯಾಡ. ಕಾರ್ಯಕ್ರಮ ನಡದಾಗ ನಾ ಚಾರ್ಜಿಂಗ್ ಹಚ್ಚಂಗಿಲ್ಲ."

"ಯಾಕ? ಮಡೀನಾ?"

"ಬ್ಯಾಡಂದ್ರ ಬ್ಯಾಡ್ರಿ."

ಸಂಗೀತ ಶುರುವಾಯಿತು. ಮೊದಲು ಒಂದು ವೈಲಿನ್ ನಿಟ್ಟುಸಿರು ಬಿಟ್ಟ ಹಾಗೆ ಮೇಲಿನಿಂದ ಕೆಳಗಿಳಿಯಿತು. ಅದು ಪೂರ್ತಿ ಇಳಿಯುವ ಮೊದಲೇ ಎರಡನೆಯದು ಎತ್ತಿಕೊಂಡಿತು. ಆಮೇಲೆ ವಿಯೋಲಾ, ಕೊನೆಗೆ ಚೆಲ್ಲೊ. ಸತ್ತವರ ಮನೆಗೆ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಂದು, ಮುಂಚೆ ಬಂದವಳ ಅಳು ಎಲ್ಲಿಗೆ ನಿಂತಿತೋ ಅಲ್ಲಿಂದಲೇ ಹಾಡಿಕೊಂಡು ಅಳುವಂತಿತ್ತು. ಸ್ವರಗಳು ಕೂಡಿದವು ಎನ್ನುವಷ್ಟರಲ್ಲಿ ಒಂದು ಜಾರಿಕೊಂಡು ಇನ್ನೊಂದನ್ನು ಕೆಡಿಸುತ್ತಿತ್ತು. ಸಮಾಧಾನ ಸಿಗಲು ಬಿಡುತ್ತಿರಲಿಲ್ಲ.

"ಶೇಟ್ರ ಮನ್ಯಾಗ ಯಾರರ ಹೋಗ್ಯಾರೇನು?" ಎಂದ ಸಿದ್ದಣ್ಣ. ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಸೆರಗು ತಲೆಗೆ ಎಳೆದುಕೊಂಡಳು.

ಎರಡನೆಯ ಭಾಗ ಜಗಳ. ನಾಲ್ಕು ಮಂದಿ ಅಣ್ಣತಮ್ಮಂದಿರು ಹೊಲ ಪಾಲು ಮಾಡಲು ಕುಳಿತ ಹಾಗೆ. ಒಬ್ಬ ಮಾತು ತೆಗೆದರೆ ಇನ್ನೊಬ್ಬ ಕತ್ತರಿಸುವನು, ಮೂರನೆಯವನು ಇಬ್ಬರಿಗೂ ಹೌದು ಎನ್ನುವನು, ದೊಡ್ಡವನು ಕೆಳಗೆ ಗೊಣಗುವನು. ನಡುವೆ ನಾಲ್ವರೂ ಒಮ್ಮೆಲೇ ನಿಂತರು. ಜಗಳ ಗೊತ್ತಿದ್ದ ಮಲಕಾಜಪ್ಪನಿಗೆ ಆ ನಿಲುಗಡೆ ತಿಳಿಯಿತು. ಯಾರೋ ಆಡಬಾರದ ಒಂದು ಮಾತು ಆಡಿದ್ದಾರೆ.

ಅವನು ಶಂಕರೆಪ್ಪನ ಕಡೆ ನೋಡಿದ. ಶಂಕರೆಪ್ಪ ಸ್ಟೇಜು ನೋಡುತ್ತಿದ್ದ.

ಮೂರನೆಯ ಭಾಗಕ್ಕೆ ಮೊದಲು ನಾಲ್ವರೂ ತಂತಿಗೆ ರಬ್ಬರಿನ ಚೂರು ಸಿಗಿಸಿದರು. ದನಿ ಕಂಬಳಿಯೊಳಗೆ ಹೊಕ್ಕಿತು. ಮೂರು ವಾದ್ಯಗಳು ಹಿಂದೆ ಸರಿದು ಚೆಲ್ಲೊ ಒಂದೇ ಕೆಳಸ್ವರದಲ್ಲಿ ಹಾಡತೊಡಗಿತು. ಮುಪ್ಪಾದ, ಒಡಕಾದ, ಗಂಟಲಲ್ಲಿ ಕಫ ಇರುವಂಥ ದನಿ. ಮಲಕಾಜಪ್ಪನ ಮೈಮೇಲೆ ಮುಳ್ಳೆದ್ದವು. ಅದು ರಾಚಪ್ಪನ ದನಿ. ಮರವಡೆಯಲ್ಲಿ ಮೈಕು ಸತ್ತ ಮೇಲೆ ಐವತ್ತೇ ಮಂದಿಗೆ ಕೇಳಿದ ದನಿ.

ಕೊನೆಯ ಸಾಲಿನಲ್ಲಿ ಶಂಕರೆಪ್ಪನ ಕೈ ಕಿವಿಗೆ ಹೋಯಿತು.

ಮುಟ್ಟುತ್ತಿಲ್ಲ. ಇನ್ನೊಮ್ಮೆ ಮುಟ್ಟುತ್ತಿಲ್ಲ. ಶೇಟರು ಕೊಟ್ಟ ತೀರ್ಪು ಮಲಕಾಜಪ್ಪನ ತಲೆಯಿಂದ ಹಾರಿಹೋಯಿತು. ಹೂಕುಂಡದ್ದೆಂದು ನಂಬಿದ್ದ ನಾಲ್ಕನೆಯ ಗುಂಡಿಯನ್ನು ಅವನು ಮೆಲ್ಲಗೆ ಪೂರ್ತಿ ಮೇಲಕ್ಕೆ ಎತ್ತಿದ. ಕಣ್ಣು ಒದ್ದೆಯಾಗಿತ್ತು.

ಸಿದ್ದಣ್ಣ ಬಗ್ಗಿ ನೋಡಿದ. "ಅಳಾಕತ್ತೀಯೇನೋ ಮಾರಾಯಾ? ಇದರಾಗ ಅಳೂವಂಥದ್ದೇನದ?"

ಇದ್ದಕ್ಕಿದ್ದ ಹಾಗೆ ಮಲಕಾಜಪ್ಪನ ಬಾಯಿ ಬಿಚ್ಚಿಕೊಂಡಿತು. ಒಂಬತ್ತು ವರ್ಷ ಹೆಂಡತಿಗೂ ಹೇಳದ್ದು, ಗುರುತಿಲ್ಲದ ಒಬ್ಬ ವಾಚಮನ್ನನ ಮುಂದೆ ಪಿಸುಮಾತಿನಲ್ಲಿ ಹೊರಬಂತು.

"ಚಾರ್ಜಿಂಗ್ ಯಾಕ ಹಚ್ಚಂಗಿಲ್ಲ ಅಂತ ಕೇಳಿದ್ರೆಲ್ಲ. ಮರವಡ್ಯಾಗ ರಾಚಪ್ಪ ಕಾಕಾನ ಕಡೀ ಪದ ಇತ್ತು. ಮೊಬೈಲ್‌ನ್ಯಾಗ ಹಿಡ್ಕೊಬೇಕಂತ ಮಾಡಿದ್ನಿ. ಚಾರ್ಜ್ ನಾಕೇ ನಾಕು ಉಳದಿತ್ತು. ಬೋರ್ಡಿನ್ಯಾಗ ಜಾಗಾ ಇರಲಿಲ್ಲ. ಲೈಟಿನ ಪ್ಲಗ್ ಅಂತ ತಿಳಕೊಂಡು ಒಂದು ಕಿತ್ತೆ. ಅದು ಮೈಕಿನ ಮಷೀನಿಂದಿತ್ತು. ಗಾಬರೀಲೆ ತಿರಗಿ ಚುಚ್ಚಿದ್ನಿ, ಫ್ಯೂಜ್ ಹೋತು. ಮಂದಿ ಓಡಿ ಬಂತು. ಕೈಗಿ ಸಿಕ್ಕ ವೈರ್ ಹರದು, ಶಂಕರೆಪ್ಪನ ಬೆಸುಗಿ ಬಿಟ್ಟದ ಅಂತ ತೋರಿಸಿದ್ನಿ."

"ಮತ್ತ ಬೆಸುಗಿ?"

ಚೆಲ್ಲೊ ಕೊನೆಯ ಸ್ವರವನ್ನು ಎಳೆದು, ಎಳೆದು, ಕೂದಲೆಳೆಯಷ್ಟು ಮಾಡಿ, ಬಿಟ್ಟಿತು. ನಾಲ್ವರೂ ಕಡ್ಡಿಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದು ಕುಳಿತರು. ಸಭಾಗೃಹದಲ್ಲಿ ಉಸಿರಿನ ಸದ್ದೂ ಇರಲಿಲ್ಲ.

"ಬೆಸುಗಿ ಗಟ್ಟಿ ಇತ್ತು. ಶಂಕರೆಪ್ಪನ ಬೆಸುಗಿ ಎಂದೂ ಬಿಟ್ಟಿಲ್ಲ. ಅವನಪ್ಪ ಸಾಯೂತನಕ ಅಂವನ ಕೂಡ ಮಾತಾಡದ ಸತ್ತ. ನಾ ಸುಮ್ನ ನೋಡಕೋತ ಕುಂತೆ."

ಹೇಳಿ ಮುಗಿಸಿ ಅವನು ಮುಖ ಒರೆಸಿಕೊಂಡು ನೋಡುತ್ತಾನೆ, ಇನ್ನೂರು ತಲೆಗಳು ಹಿಂದಕ್ಕೆ ತಿರುಗಿದ್ದವು. ಅಂತೂ ಹಿಂದಿನ ಬಾಕ್ಸಿಗೆ ದನಿ ಬಂತು ಎಂದು ಅವನಿಗೆ ಸಮಾಧಾನವಾಯಿತು. ಕೊನೆಯ ಸಾಲಿನ ಹಿಂದೆ ಶಂಕರೆಪ್ಪ ಕಿವಿಯಿಂದ ಕೈ ತೆಗೆದಿದ್ದ. ಆಮೇಲೆ ಬಲಗೈ ಎತ್ತಿದ. ಪೂರ್ತಿ, ನೆಟ್ಟಗೆ. ಯಾವತ್ತೂ ಅಷ್ಟು ಹೊತ್ತು ಎತ್ತಿ ಹಿಡಿದವನಲ್ಲ.

ಮುಟ್ಟಿತು.

ಕೈ ಇಳಿಸಿ, ಬಾಗಿಲು ತೆರೆದು ಶಂಕರೆಪ್ಪ ಹೊರಗೆ ಹೋದ.

"ಎಲ್ಲಿ ನಡದಾನ ಅಂವ?" ಎಂದ ಸಿದ್ದಣ್ಣ.

"ಚಾ ಕುಡ್ಯಾಕ ಹೋಗಿರಬೇಕು. ಮುಟ್ಟಿತಲ್ಲ, ಅವನ ಕೆಲಸ ಮುಗೀತು." ಎಷ್ಟೋ ವರ್ಷಗಳ ಮೇಲೆ ಮಲಕಾಜಪ್ಪನ ಎದೆ ಹಗುರಾಗಿತ್ತು. ಇವತ್ತು ತಿರುಗಿ ಹೋಗುವಾಗ ಟೆಂಪೊದಲ್ಲೇ ಶಂಕರೆಪ್ಪ ಕೇಳಿದಂತೆ ಹೇಳಿಬಿಡಬೇಕು ಎಂದುಕೊಂಡ. ಬೆಸುಗೆ ನಿನ್ನದಲ್ಲ, ಕರೆಂಟಿನ ಘಾತ. ಅಷ್ಟು ಹೇಳಿದರೆ ಸಾಕು. ಪ್ಲಗ್ಗಿನ ಮಾತು ಯಾಕೆ ಬೇಕು.

ಚಪ್ಪಾಳೆ ಬರಲಿಲ್ಲ. ಶೇಟರು ಬಂದರು. ಅವರ ಮುಖ ಬಣ್ಣ ಬಿಟ್ಟ ಚಾದರದಂತಾಗಿತ್ತು.

"ಮಲಕಾಜಪ್ಪ, ಆಮ್ಯಾಲ ಮೊಬೈಲ್ ಚಾರ್ಜ್ ಆತೇನು?"

"ಯಾವ ಮೊಬೈಲ್ರಿ ಶೇಟ್ರ?"

"ಮರವಡ್ಯಾಗ ನಾಕೇ ನಾಕು ಉಳದಿತ್ತಂತಲ್ಲ."

ಮಲಕಾಜಪ್ಪ ಶೇಟರ ಮುಖ ನೋಡಿದ. ಶೇಟರು ಅವನ ಜೇಬು ನೋಡುತ್ತಿದ್ದರು. ಜೇಬಿನಲ್ಲಿ ಹಸಿರು ದೀಪ ಇನ್ನೂ ಮಿಣಮಿಣ ಅನ್ನುತ್ತಿತ್ತು. ಅವನು ನಾಲ್ಕನೆಯ ಗುಂಡಿ ಹಿಡಿದು ಕೆಳಗಿಳಿಸಿದ. ಅದು ಕಾಲರಿನದು. ಸೇವಂತಿಗೆಯ ಮೈಕಿನದು ಮೂರನೆಯದು. ಅದು ಮುಂಜಾನೆ ಹುಟ್ಟಿದ ಕೂಸಿನ ಹಾಗೆ ಸುಮ್ಮನೆ ಕೆಳಗೆ ಮಲಗಿತ್ತು.

ಮಯೂರಿ ಚೆಲ್ಲೊ ಕಡ್ಡಿ ಹಿಡಿದುಕೊಂಡೇ ಬಂದಳು. ಬಯ್ಯಲಿಲ್ಲ. "ಕಾಕಾ, ಅಲ್ಲಿ ಏನೂ ಕೇಳಸಬಾರದು ಅಂತ ಹೇಳಿದ್ನೆಲ್ಲ" ಎಂದಳು, ಅಷ್ಟೇ.

ಮಲಕಾಜಪ್ಪ ಹೊರಗೆ ಓಡಿದ. ಟೆಂಪೊ ನಿಂತಲ್ಲೇ ನಿಂತಿತ್ತು. ಸೀಟಿನ ಮೇಲೆ ಕೀಲಿ, ಅದರ ಮೇಲೆ ಪಕ್ಕಡ, ಪಕ್ಕದಲ್ಲಿ ಬಿಳಿ ಪಟ್ಟಿಯ ಸುರುಳಿ. ಭಜಿಯ ಪೊಟ್ಟಣ ಬೆಳಿಗ್ಗೆ ಇಟ್ಟಲ್ಲೇ ಇತ್ತು. ನವಿ ಪೇಠದ ಜನಜಂಗುಳಿಯಲ್ಲಿ ಸಾವಿರ ಬೆನ್ನುಗಳು ಕಂಡವು. ಅದರಲ್ಲಿ ಶಂಕರೆಪ್ಪನದು ಯಾವುದೆಂದು ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷ ಅವನ ಮುಖ ನೋಡಿಯೇ ಗೊತ್ತು, ದೂರದಿಂದ, ಕೊನೆಯ ಸಾಲಿನಲ್ಲಿ.

ನಾಲ್ಕು ಮಂದಿ ಮುಂದೆ ಹೇಳು ಎಂದಿದ್ದ. ಇನ್ನೂರು ಮಂದಿ ಮುಂದೆ ಹೇಳಿಯಾಗಿತ್ತು.

ಮಲಕಾಜಪ್ಪ ಫೋನ್ ತೆಗೆದು ಹಚ್ಚಿದ. ಎರಡು ಸಲ ರಿಂಗಾಯಿತು. ಮೂರನೆಯದಕ್ಕೆ ಅವನದೇ ಫೋನು ಕುಂಯ್ ಎಂದು ಕಪ್ಪಾಯಿತು.

"ಆಗಳೆ ಹೇಳಿಲ್ಲೇನು ನಾ" ಎಂದ ಬೆನ್ನ ಹಿಂದೆ ಬಂದು ನಿಂತಿದ್ದ ಸಿದ್ದಣ್ಣ. "ಒಳಗ ಬೋರ್ಡ್ ಅದ, ಹಚ್ಚು ಬಾ. ಆ ಮಷೀನ್ ಪ್ಲಗ್ ಕಿತ್ತು ಹಚ್ಚು. ಈಗೇನು ಯಾರೂ ಹಾಡಾವರಿಲ್ಲ."

ಮಲಕಾಜಪ್ಪ ಒಳಗೆ ಹೋಗಿ ಮಷೀನಿನ ಪ್ಲಗ್ ಕಿತ್ತು ಫೋನು ಹಚ್ಚಿ ಅದರ ಮುಂದೆ ಕುಳಿತ. ಜನ ಹೋದರು. ಮಯೂರಿ ಚೆಲ್ಲೊವನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಹೋದಳು. ಸಿದ್ದಣ್ಣ ಕುರ್ಚಿಗಳನ್ನು ಒಂದರ ಮೇಲೊಂದು ಏರಿಸುತ್ತ ಕೊನೆಯ ಸಾಲಿನವರೆಗೆ ಹೋದ. ಫೋನು ಜೀವ ಹಿಡಿದು ನಾಲ್ಕು ಎಂದು ತೋರಿಸಿದಾಗ ಮಲಕಾಜಪ್ಪ ತಿರುಗಿ ಹಚ್ಚಿದ. ಶಂಕರೆಪ್ಪನ ಫೋನು ಬಂದ್ ಆಗಿತ್ತು.

ಅವನು ತಲೆ ಎತ್ತಿ, ರೂಢಿಯಂತೆ, ಕೊನೆಯ ಸಾಲಿನ ಕಡೆ ನೋಡಿದ. ಅಲ್ಲಿ ಬಾಗಿಲು ತೆರೆದೇ ಇತ್ತು. ಶಂಕರೆಪ್ಪ ತಿರುಗಿ ಬರಲಿಲ್ಲ.